ಮರಿಯ ಚಂದ ಎಲ್ಲಿ ಹೋಯಿತು, ಡಾಕ್ಟ್ರೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಐದು ತಿಂಗಳ ಗಂಡು ಮುಧೋಳ ಮರಿ ಇದೆ. ತಂದಾಗ ದುಂಡಗೆ ಮುದ್ದಾಗಿತ್ತು. ಈಗ ನೋಡಿದರೆ ಬರೀ ಕಾಲು, ಪಕ್ಕೆಲುಬು. ಹಿಂಭಾಗ ಮುಂಭಾಗಕ್ಕಿಂತ ಎತ್ತರ ಕಾಣುತ್ತದೆ. ಮುಂಗಾಲುಗಳ ಮಣಿಕಟ್ಟಿನ ಮೇಲೆ ಗಂಟು ಕಟ್ಟಿದಂತಿದೆ. ಓಡುವಾಗ ತನ್ನ ಕಾಲಿಗೆ ತಾನೇ ಎಡವುತ್ತದೆ. ಬಂದವರೆಲ್ಲ ‘ಹೊಟ್ಟೆಗೆ ಹಾಕ್ತೀರೋ ಇಲ್ಲವೋ’ ಎಂದು ಕೇಳುತ್ತಾರೆ. ಔಷಧ ಅಂಗಡಿಯಲ್ಲಿ ಕೇಳಿ ಕ್ಯಾಲ್ಸಿಯಂ ಸಿರಪ್ ತಂದು ದಿನಕ್ಕೆರಡು ಸಲ ಕುಡಿಸುತ್ತಿದ್ದೇವೆ. ಊಟ ಬೆಳಿಗ್ಗೆ ಹಾಲು–ಜೋಳದ ರೊಟ್ಟಿ, ಸಂಜೆ ಅನ್ನ–ಕೋಳಿಮಾಂಸ. ಮರಿ ಸರಿಹೋಗುತ್ತದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ನೀವು ಬರೆದಿರುವ ಲಕ್ಷಣಗಳಲ್ಲಿ ಹೆಚ್ಚಿನವು ರೋಗವಲ್ಲ, ವಯಸ್ಸು. ನನಗೆ ಚಿಂತೆಯಾಗಿದ್ದು ಮರಿಯ ಕಾಲು ನೋಡಿ ಅಲ್ಲ, ಆ ಸಿರಪ್ ಬಾಟಲಿ ನೋಡಿ. ಅದಕ್ಕೆ ಆಮೇಲೆ ಬರುತ್ತೇನೆ.

ನಾಲ್ಕರಿಂದ ಎಂಟು ತಿಂಗಳ ನಡುವೆ ಮರಿಯ ಮೈ ಒಂದೇ ಹದದಲ್ಲಿ ಬೆಳೆಯುವುದಿಲ್ಲ. ಉದ್ದ ಮೂಳೆಗಳು ಮೊದಲು ಓಡುತ್ತವೆ, ಸ್ನಾಯು ಹಿಂದಿನಿಂದ ಬರುತ್ತದೆ, ಎದೆ ಇಳಿದು ತುಂಬುವುದು ಎಲ್ಲಕ್ಕಿಂತ ಕೊನೆಗೆ. ಹಿಂಗಾಲು ಕೆಲವು ವಾರ ಮುಂದಾದರೆ ಸೊಂಟ ಮೇಲೆದ್ದು ಕಾಣುತ್ತದೆ, ಮುಂಗಾಲು ಬೆಳೆದಾಗ ಮತ್ತೆ ಸಮವಾಗುತ್ತದೆ. ನಿಮ್ಮದು ಓಟದ ತಳಿ ಬೇರೆ. ಬೆಳೆದ ಗಂಡು ಮುಧೋಳ ಹೆಗಲಿನವರೆಗೆ 70 ಸೆಂ.ಮೀ. ಆಸುಪಾಸು ನಿಲ್ಲುತ್ತದೆ. ಅಷ್ಟು ಎತ್ತರಕ್ಕೆ ಒಂದು ವರ್ಷದಲ್ಲೇ ಏರಬೇಕಾದ ಮರಿ ನಡುದಾರಿಯಲ್ಲಿ ಚಂದ ಕಾಣಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಆರೋಗ್ಯವಂತ ಮುಧೋಳದಲ್ಲಿ ಕೊನೆಯ ಎರಡು ಮೂರು ಪಕ್ಕೆಲುಬು, ಸೊಂಟದ ಎಲುಬಿನ ತುದಿ ಕಾಣುವುದು ಸಹಜ. ಲ್ಯಾಬ್ರಡಾರ್ ಸಾಕಿದವರ ಕಣ್ಣಿಗೆ ಅದು ಉಪವಾಸದಂತೆ ಕಾಣುತ್ತದೆ, ಅಷ್ಟೇ. ನೀವು ನೋಡಬೇಕಾದ್ದು ಬೇರೆ: ಬೆನ್ನುಮೂಳೆಯ ಮಣಿಗಳೆಲ್ಲ ಎದ್ದು ನಿಂತಿವೆಯೇ, ತೊಡೆಯ ಸ್ನಾಯು ಕರಗಿದೆಯೇ, ಪಕ್ಕೆ ಕಾಣುತ್ತಿದ್ದರೂ ಹೊಟ್ಟೆ ಮಾತ್ರ ಡೊಳ್ಳಾಗಿದೆಯೇ? ಹಾಗಿದ್ದರೆ ಮೊದಲ ಅನುಮಾನ ಜಂತುಹುಳು. ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಜಂತಿನ ಔಷಧ ಆಗಿರಬೇಕು, ಮರಿಯ ತೂಕ ನೋಡಿಯೇ ಪ್ರಮಾಣ.

ಮಣಿಕಟ್ಟಿನ ಗಂಟು. ಇದನ್ನು ನೋಡಿ ರಿಕೆಟ್ಸ್ (ಮೂಳೆ ಮೆದುವಾಗುವ ಕಾಯಿಲೆ) ಎಂದು ಹೆದರಿ ಬರುವವರು ಬಹಳ. ಬೆಳೆಯುವ ಮೂಳೆಯ ತುದಿಯ ಬಳಿ ಮೃದ್ವಸ್ಥಿಯ ತೆಳು ಪದರ ಇರುತ್ತದೆ. ಗ್ರೋತ್ ಪ್ಲೇಟ್ ಎನ್ನುತ್ತೇವೆ. ಮೂಳೆ ಉದ್ದವಾಗುವುದು ಅಲ್ಲಿಂದಲೇ. ದೊಡ್ಡ ತಳಿಯ ಮರಿಗಳಲ್ಲಿ, ಅದರಲ್ಲೂ ಮಾಂಸ ಕಡಿಮೆಯಿರುವ ತೆಳುಗಾಲಿನವುಗಳಲ್ಲಿ, ಮಣಿಕಟ್ಟಿನ ಮೇಲಿನ ಆ ಭಾಗ ಉಬ್ಬಿ ಕಾಣುತ್ತದೆ. ಎರಡೂ ಕಾಲಲ್ಲಿ ಒಂದೇ ಸಮ ಇದೆಯೇ? ಒತ್ತಿದರೆ ಮರಿ ಸುಮ್ಮನಿರುತ್ತದೆಯೇ? ಹಾಗಾದರೆ ಬಿಟ್ಟುಬಿಡಿ, ಒಂದು ವರ್ಷದ ಹೊತ್ತಿಗೆ ಆ ಪದರ ಮೂಳೆಯಾಗಿ ಗಂಟು ಅಡಗುತ್ತದೆ. ಮುಟ್ಟಿದರೆ ಬಿಸಿ, ಮುಟ್ಟಿಸಿಕೊಳ್ಳದಷ್ಟು ನೋವು, ಜ್ವರ, ಊಟ ಬಿಟ್ಟಿದೆ ಎಂದಾದರೆ ಅದು ಬೇರೆಯೇ ಕಾಯಿಲೆ. ಅಂದೇ ಪಶುವೈದ್ಯರಿಗೆ ತೋರಿಸಿ.

ಈಗ ಸಿರಪ್. ಬೆಳೆದ ನಾಯಿಯ ಕರುಳು ದೇಹಕ್ಕೆ ಬೇಕಾದಷ್ಟು ಕ್ಯಾಲ್ಸಿಯಂ ಹೀರಿ ಉಳಿದದ್ದನ್ನು ಹೊರಹಾಕುತ್ತದೆ. ಆರು ತಿಂಗಳೊಳಗಿನ ಮರಿಯ ಕರುಳಿಗೆ ಈ ತಡೆ ಇನ್ನೂ ಬಂದಿರುವುದಿಲ್ಲ. ಹೆಚ್ಚು ಹಾಕಿದಷ್ಟೂ ಹೆಚ್ಚು ಒಳಗೆ ಹೋಗುತ್ತದೆ. 1980ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ಯುಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಗ್ರೇಟ್ ಡೇನ್ ಮರಿಗಳಿಗೆ ಹೆಚ್ಚು ಕ್ಯಾಲ್ಸಿಯಂ ಕೊಟ್ಟು ನೋಡಿದರು. ಮೂಳೆ ಗಟ್ಟಿಯಾಗುವುದಿರಲಿ, ಮೃದ್ವಸ್ಥಿ ಮೂಳೆಯಾಗುವ ಕ್ರಮವೇ ಕೆಟ್ಟಿತು. ಕಾಲು ನೇರವಾಗಲೆಂದು ಕುಡಿಸಿದ್ದೇ ಕಾಲನ್ನು ಬಗ್ಗಿಸಬಲ್ಲದು.

ಹಾಗೆಂದು ನಿಮ್ಮ ಮರಿಯ ಊಟದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದೆ ಎಂದೂ ಹೇಳಲಾರೆ. 100 ಗ್ರಾಂ ಮೂಳೆಯಿಲ್ಲದ ಕೋಳಿಮಾಂಸದಲ್ಲಿ ಕ್ಯಾಲ್ಸಿಯಂ ಸುಮಾರು 10 ಮಿಲಿಗ್ರಾಂ, ರಂಜಕ ಸುಮಾರು 200. ಮರಿಗೆ ಬೇಕಾದ್ದು ರಂಜಕಕ್ಕಿಂತ ತುಸು ಹೆಚ್ಚು ಕ್ಯಾಲ್ಸಿಯಂ. ಇಲ್ಲಿ ಲೆಕ್ಕ ತಲೆಕೆಳಗು. ಜೋಳದಲ್ಲೂ ಕ್ಯಾಲ್ಸಿಯಂ 30 ಮಿಲಿಗ್ರಾಂ ದಾಟದು. ರಾಗಿಯಲ್ಲಿ 350 ಮಿಲಿಗ್ರಾಂ ಮೇಲಿದೆ, ಹಾಲಿನಲ್ಲಿ 120ರಷ್ಟಿದೆ, ಆದರೆ ಅವೆರಡೇ ಈ ಕೊರತೆ ತುಂಬವು. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಅದರ ಕ್ಯಾಲ್ಸಿಯಂ ಅನ್ನು ಪೂರ್ತಿ ಬಿಟ್ಟುಕೊಡುವುದೂ ಇಲ್ಲ. ಹಾಗಾಗಿ ಎರಡರಲ್ಲಿ ಒಂದು ಮಾಡಿ. ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಸಿದ್ಧ ಆಹಾರ ಹಾಕಿ, ಮೇಲೆ ಯಾವ ಸಿರಪ್ಪೂ ಬೇಡ. ಇಲ್ಲವೇ ಮನೆ ಊಟವನ್ನೇ ಮುಂದುವರಿಸಿ, ಒಂದು ವಾರ ಏನೇನು ಎಷ್ಟು ಗ್ರಾಂ ಹಾಕುತ್ತೀರಿ ಎಂದು ಬರೆದು ವೈದ್ಯರಿಗೆ ಕೊಟ್ಟು, ಎಷ್ಟು ಕ್ಯಾಲ್ಸಿಯಂ ಸೇರಿಸಬೇಕೆಂದು ಲೆಕ್ಕ ಹಾಕಿಸಿ. ಮೊಟ್ಟೆಚಿಪ್ಪಿನ ಪುಡಿಯೂ ಆದೀತು, ಆದರೆ ಒಂದು ಗ್ರಾಂ ಪುಡಿಯಲ್ಲೇ ಸುಮಾರು 380 ಮಿಲಿಗ್ರಾಂ ಇರುತ್ತದೆ. ಚಿಟಿಕೆ ಲೆಕ್ಕದಲ್ಲಿ ಹಾಕುವ ವಸ್ತುವಲ್ಲ ಅದು. ದಿನಕ್ಕೆರಡು ಊಟ ಈ ವಯಸ್ಸಿಗೆ ಕಡಿಮೆ. ಆರು ತಿಂಗಳು ತುಂಬುವವರೆಗೆ ಅಷ್ಟನ್ನೇ ಮೂರು ಹೊತ್ತಿಗೆ ಹಂಚಿ.

‘ಅಷ್ಟನ್ನೇ’ ಎಂದೆ, ಗಮನಿಸಿ. ದಪ್ಪ ಮಾಡಲು ಹೋಗಬೇಡಿ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಹಿಂಬಾಲಿಸಿ ಮಾಡಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಜೋಡಿ ಮಾಡಿ ಸಾಕಿದ್ದರಲ್ಲಿ ಜೊತೆಗಾರ ನಾಯಿಗಿಂತ ಕಾಲುಭಾಗ ಕಡಿಮೆ ತಿಂದವು ಸರಾಸರಿ ಎರಡು ವರ್ಷದ ಹತ್ತಿರ ಹೆಚ್ಚು ಬದುಕಿದವು, ಅವುಗಳಿಗೆ ಸೊಂಟದ ಸಂಧಿವಾತ ಬಂದದ್ದೂ ತಡವಾಗಿ. ನೆಂಟರ ಬಾಯಿಗೆ ಹೆದರಿ ಮರಿಯ ಕೀಲಿನ ಮೇಲೆ ಭಾರ ಹೇರುವುದು ಬೇಡ.

ಎಡವುವುದಕ್ಕೆ ಅರ್ಧ ಕಾರಣ ನಿಮ್ಮ ನೆಲವೂ ಇರಬಹುದು. ಟೈಲ್ಸ್, ಗ್ರಾನೈಟ್ ಮೇಲೆ ಉದ್ದಗಾಲಿನ ಮರಿಗೆ ಹಿಡಿತ ಸಿಗುವುದಿಲ್ಲ. ಓಡಾಡುವ ಕಡೆ ಗೋಣಿಚೀಲವೋ ಜಮಖಾನೆಯೋ ಹಾಸಿ. ಮಣ್ಣಿನ ಬಯಲಲ್ಲಿ ತನ್ನಿಷ್ಟಕ್ಕೆ ಓಡಲಿ, ದಣಿದಾಗ ತಾನೇ ನಿಲ್ಲುತ್ತದೆ. ಬೈಕಿಗೆ ಕಟ್ಟಿ ಓಡಿಸುವ ಚಾಳಿ ನಮ್ಮ ಕಡೆ ಇದೆಯಲ್ಲ, ಅದು ಮಾತ್ರ ಮೂಳೆ ಬಲಿಯುವವರೆಗೆ ಖಂಡಿತ ಬೇಡ. ಮಹಡಿಯಿಂದ, ಜೀಪಿನಿಂದ ಹಾರಲು ಬಿಡಬೇಡಿ. ಮುಂಗೈಯಲ್ಲಿ ಎರಡು ಮೂಳೆ ಜೊತೆಯಾಗಿ ಬೆಳೆಯುತ್ತವೆ. ಪೆಟ್ಟು ಬಿದ್ದು ಒಂದರ ಗ್ರೋತ್ ಪ್ಲೇಟ್ ಬೇಗ ಮುಚ್ಚಿಕೊಂಡರೆ ಇನ್ನೊಂದು ಬೆಳೆಯುತ್ತಲೇ ಹೋಗಿ ಕಾಲು ಬಿಲ್ಲಿನಂತೆ ಬಾಗುತ್ತದೆ, ಪಾದ ಹೊರಕ್ಕೆ ತಿರುಗುತ್ತದೆ. ಇದು ಕಣ್ಣಿಗೆ ಬೀಳುವುದು ವಾರಗಳ ಮೇಲೆ. ಬಿದ್ದು ಕುಂಟಿದ ಮರಿಯನ್ನು ಎರಡು ದಿನಕ್ಕೆ ಸರಿಹೋಯಿತೆಂದು ಬಿಡದೆ, ಮುಂದಿನ ಒಂದೆರಡು ತಿಂಗಳು ಎರಡೂ ಕಾಲನ್ನು ಹೋಲಿಸಿ ನೋಡುತ್ತಿರಿ. ಏಟಿಲ್ಲದೆ ಇವತ್ತು ಈ ಕಾಲು, ಹದಿನೈದು ದಿನ ಬಿಟ್ಟು ಆ ಕಾಲು ಎಂದು ಕುಂಟಿದರೂ ಎಕ್ಸ್‌ರೇ ಮಾಡಿಸಿ. ಬೆಳೆಯುವ ವಯಸ್ಸಿನ ಮೂಳೆನೋವು ಹೀಗೆ ಜಾಗ ಬದಲಿಸುವುದುಂಟು, ಹೆಚ್ಚಾಗಿ ತಾನಾಗಿಯೇ ಹೋಗುತ್ತದೆ.

ಪ್ರಶ್ನೆ: ನಾಲ್ಕೂವರೆ ತಿಂಗಳ ಜರ್ಮನ್ ಶೆಫರ್ಡ್. ಎರಡೂ ಕಿವಿ ನಿಂತಿದ್ದವು, ಈಗ ಎಡಗಿವಿ ಮತ್ತೆ ಬಿದ್ದಿದೆ. ಟೇಪ್ ಸುತ್ತಿಸಬೇಕೇ?
– ಓದುಗರು, ಶಿವಮೊಗ್ಗ

ಉತ್ತರ: ಮರಿಯ ತುಟಿ ಎತ್ತಿ ನೋಡಿ, ಹಲ್ಲು ಬೀಳುತ್ತಿರುತ್ತವೆ. ಹಲ್ಲು ಬದಲಾಗುವ ತಿಂಗಳುಗಳಲ್ಲಿ ಈ ತಳಿಯ ಕಿವಿ ಒಂದು ನಿಲ್ಲುವುದು, ಇನ್ನೊಂದು ಬೀಳುವುದು, ಎರಡೂ ನೆತ್ತಿಯ ಮೇಲೆ ಒಂದಕ್ಕೊಂದು ವಾಲುವುದು ಎಲ್ಲ ನಡೆಯುತ್ತದೆ. ಏಳು ತಿಂಗಳವರೆಗೆ ಕಾಯಿರಿ. ಅಲ್ಲಿಯವರೆಗೆ ಮಕ್ಕಳು ಕಿವಿ ಮಡಚಿ ಆಡದಂತೆ ನೋಡಿಕೊಳ್ಳಿ. ತಲೆ ಕೊಡವುತ್ತಿದ್ದರೆ, ಕಿವಿಯಿಂದ ವಾಸನೆ ಬರುತ್ತಿದ್ದರೆ ಮಾತ್ರ ಈಗಲೇ ತೋರಿಸಿ. ಸೋಂಕೋ ಉಣ್ಣಿಯೋ ಇರಬಹುದು. ಟೇಪನ್ನು ಮನೆಯಲ್ಲಿ ಸುತ್ತಬೇಡಿ, ನಿಮ್ಮ ಮಳೆಗಾಲದ ತೇವಕ್ಕೆ ಅದರಡಿಯ ಚರ್ಮ ಕೊಳೆಯುತ್ತದೆ. ಕೊನೆಗೂ ನಿಲ್ಲಲಿಲ್ಲವೆಂದರೆ ನಷ್ಟ ಶ್ವಾನ ಪ್ರದರ್ಶನದ ಅಂಕಕ್ಕೆ ಹೊರತು ನಾಯಿಗಲ್ಲ.

ಪ್ರಶ್ನೆ: ಐದೂವರೆ ತಿಂಗಳ ಪೊಮೆರೇನಿಯನ್ ಮರಿಯ ತುಪ್ಪಳ ಉದುರಿ ಮುಖ ಮಂಗನಂತಾಗಿದೆ. ಒಮ್ಮೆ ಪೂರ್ತಿ ಬೋಳಿಸಿದರೆ ದಟ್ಟವಾಗಿ ಬರುತ್ತದೆ ಎಂದು ಗ್ರೂಮಿಂಗ್ ಅಂಗಡಿಯವರು ಹೇಳಿದರು. ಮೇಲ್ದವಡೆಯಲ್ಲಿ ಕೋರೆಹಲ್ಲು ಜೋಡಿ ಜೋಡಿಯಾಗಿ ಕಾಣುತ್ತಿದೆ, ಅದೂ ಹೀಗೇ ಸರಿಹೋಗುತ್ತದೆ ಎಂದರು.
– ಓದುಗರು, ಬೆಂಗಳೂರು

ಉತ್ತರ: ಎರಡೂ ತಪ್ಪು ಸಲಹೆ. ಬೋಳಿಸಬೇಡಿ. ಮರಿಯ ಹತ್ತಿಯಂಥ ಕೂದಲು ಉದುರಿ ದೊಡ್ಡವರ ಎರಡು ಪದರದ ತುಪ್ಪಳ ಬರುವ ಕಾಲ ಇದು. ಪೂರ್ತಿ ತುಂಬಲು ಒಂದೂವರೆ, ಎರಡು ವರ್ಷವೂ ಹಿಡಿದೀತು. ಈ ತಳಿಯಲ್ಲಿ ಯಂತ್ರ ಹಾಕಿ ಬೋಳಿಸಿದ ಜಾಗದಲ್ಲಿ ಕೂದಲು ತಿಂಗಳುಗಟ್ಟಲೆ ಬಾರದಿರುವುದು, ಬಂದರೂ ತೇಪೆತೇಪೆಯಾಗಿ ಬರುವುದು ನಮಗೆಲ್ಲ ಗೊತ್ತಿರುವ ತೊಂದರೆ. (ನಮ್ಮ ಬೀದಿಗಳಲ್ಲಿ ಪೊಮೆರೇನಿಯನ್ ಎಂದು ಕರೆಸಿಕೊಳ್ಳುವ ಬಹಳಷ್ಟು ನಾಯಿಗಳು ಇಂಡಿಯನ್ ಸ್ಪಿಟ್ಜ್. ಅವಕ್ಕೂ ಇದೇ ಮಾತು.) ದಿನ ಬಿಟ್ಟು ದಿನ ಬಾಚಿ, ಸಾಕು. ಉದುರಿದ ಜಾಗದಲ್ಲಿ ಚರ್ಮ ಶುಭ್ರವಾಗಿರಬೇಕು. ದುಂಡನೆಯ ಬೋಳು, ಹೊಟ್ಟು, ಕಣ್ಣಿನ ಸುತ್ತ ಅಥವಾ ಮುಂಗಾಲಿನ ಮೇಲೆ ಬರಿದಾದ ತೇಪೆ ಇದ್ದರೆ ಚರ್ಮ ಕೆರೆದು ಪರೀಕ್ಷೆ ಮಾಡಿಸಿ. ಡೆಮೊಡೆಕ್ಸ್ ನುಸಿಯೋ ಹುಳುಕಡ್ಡಿಯೋ ಗೊತ್ತಾಗುತ್ತದೆ. ಹುಳುಕಡ್ಡಿಯಾದರೆ ಮನೆಯ ಮಕ್ಕಳಿಗೂ ಅಂಟುತ್ತದೆ.

ಕಾಯಬಾರದ್ದು ಹಲ್ಲಿಗೆ. ಮರಿಗೆ 28 ಹಾಲುಹಲ್ಲು, ಅವು ಬಿದ್ದು 42 ಬರಬೇಕು. ಸಣ್ಣ ತಳಿಗಳಲ್ಲಿ ಹಾಲಿನ ಕೋರೆ ಬೀಳದೆ ಪಕ್ಕದಲ್ಲೇ ಹೊಸದು ಹುಟ್ಟುವುದು ಸಾಮಾನ್ಯ. ಮೇಲಿನ ಹೊಸ ಕೋರೆ ಹಳೆಯದರ ಮುಂದೆ ಬರುತ್ತದೆ, ಕೆಳಗಿನದು ಒಳಬದಿಗೆ ಬಂದು ಅಂಗುಳಕ್ಕೆ ಚುಚ್ಚಬಹುದು. ಎರಡರ ನಡುವೆ ಆಹಾರ, ಕೂದಲು ಸಿಕ್ಕಿ ಒಸಡು ಬೇಗ ಹಾಳಾಗುತ್ತದೆ. ಹೊಸ ಹಲ್ಲು ಮೂಡಿದ ಮೇಲೂ ಹಳೆಯದು ಅಲ್ಲಾಡದೆ ನಿಂತಿದ್ದರೆ ಅರಿವಳಿಕೆ ಕೊಟ್ಟು ಕೀಳಬೇಕು. ಮನೆಯಲ್ಲಿ ಇಕ್ಕಳ ಹಾಕಬೇಡಿ, ಆ ಪುಟ್ಟ ಹಲ್ಲಿನ ಬೇರು ಹೊರಗೆ ಕಾಣುವುದಕ್ಕಿಂತ ಬಹಳ ಉದ್ದ, ಮುರಿದು ಒಳಗುಳಿಯುತ್ತದೆ. ಸಂತಾನಹರಣದ ಹೊತ್ತಿಗೆ ಒಟ್ಟಿಗೇ ಮಾಡಿಸೋಣ ಎಂದು ಕೆಲವರು ಮುಂದೂಡುತ್ತಾರೆ. ಅಷ್ಟರಲ್ಲಿ ಹೊಸ ಹಲ್ಲು ತಪ್ಪು ಜಾಗದಲ್ಲೇ ಭದ್ರವಾಗಿರುತ್ತದೆ. ಈ ವಾರವೇ ತೋರಿಸಿ.