ಪತಂಗ ಮನೆಗೆ ಬಂದ್ರೆ ಸಾವಂತೆ: ಸಂಪಾದಕರ ಉತ್ತರ

ಕಳೆದ ಸಂಚಿಕೆಯಲ್ಲಿ ಚಿಟ್ಟೆ, ಪತಂಗಗಳ ಬಗೆಗಿನ ಜನಪದ ನಂಬಿಕೆಗಳ ಮೇಲೆ ಹಾಕಿದ್ದ ಲೇಖನ ಓದಿ ಓದುಗರೊಬ್ಬರು ಕೆಂಡಾಮಂಡಲ ಆಗಿದ್ದಾರೆ. "ಕಪ್ಪು ಪತಂಗ ಒಳಗೆ ಬಂದ್ರೆ ಸಾವು ಅನ್ನೋದನ್ನೆಲ್ಲ ಅಚ್ಚು ಹಾಕಿ ಜನರನ್ನ ಹಿಂದಕ್ಕೆ ಎಳೀತಿದ್ದೀರಿ, ಇವೆಲ್ಲ ತಲೆ ಇಲ್ಲದವರ ಕಟ್ಟುಕಥೆ" ಅಂತ.

ಸ್ವಾಮಿ, ನಿಮ್ಮ ಮಾತಲ್ಲಿ ನಿಜ ಇರೋದನ್ನ ಮೊದಲು ಒಪ್ಪಿಬಿಡ್ತೀನಿ. ನಂಬಿಕೆಯಿಂದ ಪ್ರಾಣಿಗಳು ಸಾಯ್ತವೆ. ಮಡಗಾಸ್ಕರ್‌ನ ಅಯ್-ಅಯ್ ಅನ್ನೋ ಪ್ರಾಣಿ ಕಡ್ಡಿಯಂಥ ನಡುಬೆರಳಿಂದ ಮರ ತಟ್ಟಿ ತಟ್ಟಿ ಒಳಗಿನ ಹುಳ ಹುಡುಕುತ್ತೆ, ಆ ಬೆರಳು ಯಾರ ಕಡೆ ತೋರಿಸುತ್ತೋ ಅವರಿಗೆ ಸಾವು ಅಂತ ಅಲ್ಲಿ ಕೆಲವು ಕಡೆ ಕಂಡಲ್ಲೇ ಕೊಂದುಬಿಡ್ತಾರೆ. ತಪ್ಪು, ಎರಡು ಮಾತಿಲ್ಲ.

ಆದ್ರೆ "ತಲೆ ಇಲ್ಲದವರು" ಅಂದ್ರಲ್ಲ, ಅದು ನಂಗೆ ಹಿಡಿಸ್ಲಿಲ್ಲ. ಯುರೋಪಿನ ಹಳೇ ಮನೆಗಳ ತೊಲೆಯೊಳಗೆ ಮರ ಕೊರೆಯೋ ಒಂದು ಪುಟ್ಟ ಜೀರುಂಡೆ ಇರುತ್ತೆ, ಒಂದು ಸೆಂಟಿಮೀಟರೂ ಇಲ್ಲ. ಜೋಡಿ ಹುಡುಕೋಕೆ ತಲೆಯನ್ನ ಮರಕ್ಕೆ ಕುಟ್ಟುತ್ತೆ, ಟಕ್ ಟಕ್ ಟಕ್. ಆ ಸದ್ದು ಕೇಳಿದ್ರೆ ಮನೇಲಿ ಯಾರೋ ಹೋಗ್ತಾರೆ ಅಂತ ಜನ ಹೆದರ್ತಿದ್ರು. ನಗಬೇಡಿ. ಅಷ್ಟು ಸಣ್ಣ ಸದ್ದು ಕೇಳೋವಷ್ಟು ಮನೆ ಯಾವಾಗ ಸುಮ್ಮನಿರುತ್ತೆ ಹೇಳಿ? ಕಾಯಿಲೆಯವರ ಮಂಚದ ಪಕ್ಕ ರಾತ್ರಿಯೆಲ್ಲ ಎಚ್ಚರ ಕೂತಾಗ ತಾನೇ! ಸದ್ದು ಕೇಳಿದ್ದೂ ನಿಜ, ಬೆಳಗಾಗೋದ್ರಲ್ಲಿ ಆ ಜೀವ ಹೋಗಿದ್ದೂ ನಿಜ, ಒಂದಕ್ಕೊಂದು ಗಂಟು ಹಾಕಿದ್ದೇ ಎಡವಟ್ಟಾಯ್ತು ಅಷ್ಟೆ. ಕಿವಿಯಂತೂ ಚುರುಕಾಗೇ ಇತ್ತು.

ಮೆಕ್ಸಿಕೋದ ಬೆಟ್ಟದ ಕಾಡುಗಳಿಗೆ ನವೆಂಬರ್ ಶುರುವಿನ ಹೊತ್ತಿಗೆ ಮೊನಾರ್ಕ್ ಚಿಟ್ಟೆಗಳು ಹಿಂಡುಹಿಂಡಾಗಿ ಬರ್ತವೆ, ಅಲ್ಲಿ ಸತ್ತವರನ್ನ ನೆನೆಯೋ ಹಬ್ಬವೂ ಆಗಲೇ, ಹೀಗಾಗಿ ಹೋದವರ ಆತ್ಮಗಳೇ ಮನೆಗೆ ಬಂದ್ವು ಅಂತ ಜನರ ನಂಬಿಕೆ. ಹೊರಗಿನ ವಿಜ್ಞಾನಿಗಳಿಗೆ ಆ ಚಿಟ್ಟೆಗಳು ಚಳಿಗಾಲ ಎಲ್ಲಿ ಕಳೀತವೆ ಅಂತ ಗೊತ್ತಾಗಿದ್ದು ಯಾವಾಗ ಗೊತ್ತಾ? 1975ರಲ್ಲಿ! ಆ ಬೆಟ್ಟದ ಜನ ಅಷ್ಟರೊಳಗೆ ಎಷ್ಟು ತಲೆಮಾರಿನಿಂದ ಅವುಗಳ ದಾರಿ ಕಾಯ್ತಿದ್ರೋ.

ಇನ್ನು ನಿಮ್ಮ ಕಪ್ಪು ಪತಂಗ. ಮೆಕ್ಸಿಕೋದಲ್ಲಿ ಅದು ಸಾವಿನ ದೂತ, ಬಹಾಮಾಸ್‌ನಲ್ಲಿ ಅದೇ ಪತಂಗ ಮೈಮೇಲೆ ಕೂತ್ರೆ ದುಡ್ಡು ಬರುತ್ತಂತೆ. ಎರಡೂ ಸುಳ್ಳು ಅಂತೀರಿ, ಇರ್ಲಿ, ಆದ್ರೆ ಎರಡೂ ಕಡೆಯವರು ಅದನ್ನ ಕಂಡ ಕೂಡ್ಲೇ ಗುರುತು ಹಿಡೀತಾರಲ್ಲ! ಈಗಿನ ಓದಿದವರಲ್ಲಿ ಎಷ್ಟು ಜನಕ್ಕೆ ಪತಂಗ ಯಾವುದು ಚಿಟ್ಟೆ ಯಾವುದು ಗೊತ್ತು? ಚಿಟ್ಟೆಯ ಮೀಸೆ ತುದೀಲಿ ಸಣ್ಣ ಗುಂಡು ಇರುತ್ತೆ, ಪತಂಗದ್ದು ಸಾಮಾನ್ಯವಾಗಿ ದಾರದ ಥರ ಇಲ್ಲಾ ಗರಿ ಥರ. ಇಷ್ಟು ನೋಡೋ ವ್ಯವಧಾನವೂ ಇಲ್ಲ, ಹುಳ ಕಂಡ್ರೆ ಸ್ಪ್ರೇ, ಆಮೇಲೆ ಪೊರಕೆ, ಮೇಲಿಂದ ತಾನು ವಿಚಾರವಾದಿ ಅನ್ನೋ ಜಂಬ ಬೇರೆ. ಅದು ಒಳಗೆ ಬರೋಕೆ ನಮ್ಮನೆ ಲೈಟೇ ಕಾರಣ ಮಾರಾಯ್ರೇ. ರಾತ್ರಿ ಹಾರೋ ಕೀಟಗಳು ಬೆನ್ನನ್ನ ಬೆಳಕಿನ ಕಡೆಗೇ ಇಟ್ಕೊಂಡು ಹಾರೋದ್ರಿಂದ ದಾರಿ ತಪ್ಪಿ ಬಲ್ಬಿನ ಸುತ್ತ ಸಿಕ್ಕಿಹಾಕ್ಕೊಳ್ತವೆ ಅಂತ 2024ರಲ್ಲಿ ಬಂದ ಅಧ್ಯಯನ ಹೇಳುತ್ತೆ. ಇದೆಲ್ಲ ನೀವು ಬೈದಿರೋ ಲೇಖನದ ಎರಡನೇ ಪುಟದಲ್ಲೇ ಇತ್ತು, ಯಾರೂ ಪುಟ ತಿರುಗಿಸಲ್ಲ, ಹೆಡ್ಡಿಂಗ್ ನೋಡ್ತಾರೆ, ಸಿಟ್ಟು ಬರುತ್ತೆ, ಕಾಗದ ಬರೀತಾರೆ.

ಮುಂದಿನ ಸಂಚಿಕೆಯಲ್ಲಿ ಗೂಬೆ ಬಗ್ಗೆ ಬರ್ತಿದೆ, ಈಗಲೇ ಹೇಳಿಬಿಟ್ಟಿದ್ದೀನಿ. ಅದಕ್ಕೂ ಬೈದು ಬರೀರಿ, ಖಂಡಿತ ಹಾಕ್ತೀನಿ, ಪೂರ್ತಿ ಓದಿ ಬರೆದಿದ್ರೆ.