ಗಟ್ಟಿ ದವಡೆಯ ನಾಯಿಗೆ ಎಂಥ ಆಟಿಕೆ ಕೊಡಬೇಕು?

ಪ್ರಶ್ನೆ: ನಮ್ಮ ರಾಟ್‌ವೀಲರ್‌ಗೆ ಎರಡು ವರ್ಷ. ಯಾವ ಆಟಿಕೆ ತಂದರೂ ಸಂಜೆಯೊಳಗೆ ಚಿಂದಿ. ‘ಮುರಿಯುವುದೇ ಇಲ್ಲ’ ಅಂತ ಬರೆದಿದ್ದೂ ಉಳಿಯಲಿಲ್ಲ. ಕೊಂಬಿನ ತುಂಡು ಅಥವಾ ದೊಡ್ಡ ಮೂಳೆ ಕೊಟ್ಟರೆ ತಿಂಗಳುಗಟ್ಟಲೆ ಬಾಳುತ್ತೆ ಅಂತ ಸ್ನೇಹಿತರು ಹೇಳ್ತಾರೆ. ಕೊಡಬಹುದಾ?

ಉತ್ತರ: ದಯವಿಟ್ಟು ಕೊಡಬೇಡಿ. ಕೊಂಬು, ಗೊರಸು, ಮೂಳೆ, ಗಟ್ಟಿ ನೈಲಾನ್ ಎಲ್ಲವೂ ಬಾಳುತ್ತವೆ ನಿಜ. ಹಾಳಾಗುವುದು ಹಲ್ಲು. ನಾಯಿಯ ಹಲ್ಲು ಎಷ್ಟೇ ದಪ್ಪ ಕಂಡರೂ ಅದರ ಮೇಲಿನ ಎನಾಮಲ್ ಅನ್ನುವ ಗಟ್ಟಿ ಪದರ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ, ನಮ್ಮ ಹಲ್ಲಿನದಕ್ಕಿಂತ ತೆಳು. ಮೇಲ್ದವಡೆಯ ಎರಡೂ ಪಕ್ಕದಲ್ಲಿ ಒಂದೊಂದು ದೊಡ್ಡ ಹಲ್ಲಿದೆ, ಕತ್ತರಿಯ ಅಲಗಿನ ಹಾಗೆ ಕೆಲಸ ಮಾಡುತ್ತೆ. ಗಟ್ಟಿ ವಸ್ತು ಸಿಕ್ಕಾಗ ನಾಯಿ ತಲೆ ವಾಲಿಸಿಕೊಂಡು ಅದನ್ನು ಬಾಯಿಯ ಒಂದು ಪಕ್ಕಕ್ಕೆ ತಳ್ಳಿ ಈ ಹಲ್ಲಿನಲ್ಲೇ ಒತ್ತಿ ಕಡಿಯುತ್ತೆ, ನೀವೂ ನೋಡಿರ್ತೀರಿ. ಚಕ್ಕೆ ಏಳುವುದು ಹೆಚ್ಚಾಗಿ ಅಲ್ಲೇ. ಆಳಕ್ಕೆ ಎದ್ದರೆ ಮಧ್ಯದಲ್ಲಿ ಕೆಂಪು ಅಥವಾ ಕಪ್ಪು ಚುಕ್ಕೆ ಕಾಣಿಸುತ್ತೆ, ಅಂದರೆ ನರ ತೆರೆದುಕೊಂಡಿದೆ ಅಂತ. ಆಮೇಲೆ ರೂಟ್ ಕೆನಾಲ್ ಮಾಡಿಸಬೇಕು, ಇಲ್ಲ ಹಲ್ಲು ಕೀಳಿಸಬೇಕು, ಎರಡಕ್ಕೂ ಅರಿವಳಿಕೆ ಬೇಕು. ಪಾಪ, ಎಷ್ಟೋ ನಾಯಿಗಳು ನೋವಿದ್ದರೂ ಊಟ ಬಿಡುವುದಿಲ್ಲ, ಇನ್ನೊಂದು ಪಕ್ಕದಲ್ಲಿ ಅಗಿಯುತ್ತಾ ಸುಮ್ನೆ ಇದ್ದುಬಿಡುತ್ತವೆ. ನಮಗೆ ಗೊತ್ತಾಗುವಷ್ಟರಲ್ಲಿ ಕೀವು ತುಂಬಿರುತ್ತೆ.

ಹಾಗಾಗಿ ಬಾಳಿಕೆ ಒಂದನ್ನೇ ನೋಡಬೇಡಿ. ಅಂಗಡಿಯಲ್ಲೇ ಹೆಬ್ಬೆರಳ ಉಗುರಿನಿಂದ ಒತ್ತಿ ನೋಡಿ. ಸ್ವಲ್ಪವಾದರೂ ಗುರುತು ಬೀಳಬೇಕು, ಇಲ್ಲ ಹಿಂಡಿದರೆ ಬಾಗಬೇಕು. ಎರಡೂ ಆಗದಿದ್ದರೆ ಅಲ್ಲೇ ಇಟ್ಟು ಬನ್ನಿ.

ನಿಮ್ಮ ನಾಯಿಯಂಥದ್ದಕ್ಕೆ ನಾನು ಹೇಳುವುದು ದಪ್ಪ ಗೋಡೆಯ, ಒಳಗೆ ಟೊಳ್ಳಿರುವ ರಬ್ಬರ್ ಆಟಿಕೆ. ಕಾಂಗ್ ಕಂಪನಿಯದು ಹಳೆಯ ಉದಾಹರಣೆ. ಅದರಲ್ಲಿ ಕೆಂಪು ಸಾಮಾನ್ಯ ನಾಯಿಗೆ, ಕಪ್ಪು ಜೋರಾಗಿ ಕಡಿಯುವವಕ್ಕೆ. ಯಾವ ಕಂಪನಿಯದೇ ಆಗಲಿ, ತೂತು ಎರಡಿರಲಿ. ಒಂದೇ ತೂತಿದ್ದರೆ ನೆಕ್ಕುವಾಗ ಒಳಗಿನ ಗಾಳಿ ಹೀರಿಕೊಂಡು ನಾಲಿಗೆ ಸಿಕ್ಕಿಹಾಕಿಕೊಳ್ಳಬಹುದು, ಹಾಗೆ ನಾಲಿಗೆ ಊದಿಕೊಂಡು ಆಸ್ಪತ್ರೆ ಸೇರಿದ ನಾಯಿಗಳಿವೆ. ಅಳತೆಯಲ್ಲಿ ಅನುಮಾನ ಬಂದರೆ ದೊಡ್ಡದನ್ನೇ ತಗೊಳ್ಳಿ. ಕೋರೆಹಲ್ಲು ದಾಟಿ ಬಾಯೊಳಗೆ ಪೂರ್ತಿ ಹೋಗುವಂಥದ್ದು ಗಂಟಲಿಗೂ ಹೋಗುತ್ತೆ. ಟೆನಿಸ್ ಚೆಂಡು ಈ ಕಾರಣಕ್ಕೇ ಬೇಡ, ಜೊತೆಗೆ ಅದರ ಮೇಲಿನ ಒರಟು ಬಟ್ಟೆ ದಿನಾ ಉಜ್ಜಿ ಉಜ್ಜಿ ಹಲ್ಲು ಸವೆಸುತ್ತೆ.

ಇನ್ನೊಂದು ಮಾತು. ಖಾಲಿ ಆಟಿಕೆ ಕೊಟ್ಟರೆ ಅದನ್ನು ಹರಿಯುವುದೇ ಆಟ ಆಗುತ್ತೆ. ದಿನದ ಆಹಾರದಲ್ಲೇ ಸ್ವಲ್ಪ ತೆಗೆದು, ನೀರಲ್ಲಿ ನೆನೆಸಿ, ಒಳಗೆ ತುಂಬಿ ಫ್ರೀಜರ್‌ನಲ್ಲಿಟ್ಟು ಕೊಡಿ. ಆಗ ನೆಕ್ಕುವ ಕೆಲಸ ಜಾಸ್ತಿ, ಕಡಿಯುವುದು ಕಡಿಮೆ. ಮೊದಲ ಕೆಲವು ಸಲ ಪಕ್ಕದಲ್ಲೇ ಇರಿ. ಮುಗಿದ ಮೇಲೆ ತೊಳೆಯುವಾಗ ಅಂಚನ್ನೆಲ್ಲ ಬೆರಳಿನಿಂದ ಮುಟ್ಟಿ ನೋಡಿ. ಬಿರುಕು ಬಿಟ್ಟಿದ್ದರೆ, ತುಂಡು ಕಿತ್ತು ಬಂದಿದ್ದರೆ ಎಸೆದುಬಿಡಿ, ದುಡ್ಡಿನ ಮುಖ ನೋಡಬೇಡಿ. ಎಂದೂ ಮುರಿಯದ ಆಟಿಕೆ ಅಂತ ಯಾವುದೂ ಇಲ್ಲ, ಡಬ್ಬದ ಮೇಲೆ ಏನೇ ಬರೆದಿರಲಿ.

ಪ್ರಶ್ನೆ: ನಮ್ಮ ನಾಯಿ ಹಗ್ಗದ ಆಟಿಕೆಯ ದಾರ ನುಂಗಿದೆ, ಹಿಂದಿನಿಂದ ತುದಿ ಕಾಣುತ್ತಿದೆ. ಎಳೆಯಬಹುದಾ?

ಉತ್ತರ: ಎಳೆಯಬೇಡಿ! ದಾರದ ಇನ್ನೊಂದು ತುದಿ ಒಳಗೆಲ್ಲೋ ಸಿಕ್ಕಿದ್ದರೆ, ಎಳೆದಾಗ ಅದು ಕರುಳನ್ನು ಕೊಯ್ಯಬಹುದು. ಇವತ್ತೇ ಪಶುವೈದ್ಯರಿಗೆ ತೋರಿಸಿ. ವಾಂತಿ ಆಗ್ತಿದ್ರೆ, ಊಟ ಬಿಟ್ಟಿದ್ರೆ, ಹೊಟ್ಟೆ ಮುಟ್ಟಲು ಬಿಡದಿದ್ರೆ ಒಂದು ಗಂಟೆಯೂ ಕಾಯಬೇಡಿ. ಉಳಿದ ಹಗ್ಗವನ್ನೂ ಜೊತೆಗೆ ತಗೊಂಡು ಹೋಗಿ, ಎಷ್ಟು ನುಂಗಿರಬಹುದು ಅಂತ ಅಂದಾಜು ಮಾಡಲು ಅವರಿಗೆ ಬೇಕಾಗುತ್ತೆ.