ಬಾಗೇಪಲ್ಲಿಯ ತಂಗಿಗೆ: ಉದ್ಯಮಶೀಲತೆಯ ಕೋರ್ಸ್ ಮತ್ತು ನಮ್ಮ ಕಡೆಯ ನೀರು

ಪರಿಸರ ಎಂಜಿನಿಯರಿಂಗ್‌ನಲ್ಲಿ ಎಂ.ಎಸ್. ಮಾಡಲು ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಹೊರಟಿರುವ ನೀವು ಬಾಗೇಪಲ್ಲಿಯಿಂದ ಬರೆದ ಪತ್ರವನ್ನು ಓದಿದೆ. ವಿಶ್ವವಿದ್ಯಾಲಯದವರು ಪದವಿಯ ಜೊತೆಗೆ ಕೊಡುವ ಉದ್ಯಮಶೀಲತೆಯ ಸರ್ಟಿಫಿಕೇಟ್ ಕೋರ್ಸಿಗೆ ಸೇರಬೇಕೇ, ಕುಡಿಯುವ ನೀರಿನಿಂದ ಫ್ಲೋರೈಡ್ ತೆಗೆಯುವ ಕೆಲಸವನ್ನೇ ಮುಂದೆ ಮಾಡಬೇಕೆಂದಿರುವ ನಿಮಗೆ ಅದರಿಂದ ಪ್ರಯೋಜನವಿದೆಯೇ ಎಂಬುದು ನಿಮ್ಮ ಮುಖ್ಯ ಪ್ರಶ್ನೆ. ಚಳಿ, ಊಟ, ಬಾಡಿಗೆ ಮನೆಗಳ ಬಗ್ಗೆಯೂ ಕೇಳಿದ್ದೀರಿ. ಚಳಿಯ ಕೋಟನ್ನು ಇಲ್ಲಿಗೆ ಬಂದ ಮೇಲೆ ಕೊಳ್ಳಿ, ರಾಗಿ ಹಿಟ್ಟು ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ, ಪರಿಚಯದವರು ಯಾರಾದರೂ ಹೋಗಿ ನೋಡಿ ಬಾರದ ಮನೆಗೆ ಮುಂಗಡ ಕಳುಹಿಸಬೇಡಿ. ಉಳಿದದ್ದೆಲ್ಲ ಬಂದ ತಿಂಗಳೊಳಗೆ ತಾನಾಗಿ ತಿಳಿಯುತ್ತದೆ.

ಕೋರ್ಸಿಗೆ ಖಂಡಿತ ಸೇರಿ. ಆದರೆ ಅದು ಏನನ್ನು ಕಲಿಸುತ್ತದೆ, ಏನನ್ನು ಕೊಡಲಾರದು ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

2012ರಲ್ಲಿ ಮುಳಬಾಗಿಲು ತಾಲ್ಲೂಕಿನ ಹಳ್ಳಿಯಿಂದ ನ್ಯೂ ಹ್ಯಾಂಪ್‌ಶೈರ್ ರಾಜ್ಯಕ್ಕೆ ನಾನು ಓದಲು ಬಂದಾಗ, ನೀರಿನ ಬೆಲೆಯನ್ನು ಬಲ್ಲ ಜಿಲ್ಲೆಯಿಂದ ಬಂದವನೆಂಬ ಹೆಮ್ಮೆ ನನ್ನಲ್ಲಿತ್ತು. ಅದು ಇಂದಿಗೂ ಇದೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ, ಸಾವಿರ ಅಡಿ ಕೊರೆಸಿದರೂ ಬೋರ್‌ವೆಲ್‌ನಲ್ಲಿ ಬರೀ ದೂಳೇ ಏಳುವ ನಾಡಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಕಡೆ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನೂ ಮೀರಿದ ಫ್ಲೋರೈಡ್‌ನಿಂದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತಿದ್ದರೆ, ಇಲ್ಲಿಯ ಅನೇಕ ನಗರಗಳಲ್ಲಿ ಹಲ್ಲು ಹುಳುಕಾಗದಿರಲೆಂದು ಅದೇ ಫ್ಲೋರೈಡನ್ನು ನಲ್ಲಿ ನೀರಿಗೆ ಅಳೆದು ಸೇರಿಸುತ್ತಾರೆ. ಈಗ ಶಿಫಾರಸಿನಲ್ಲಿರುವ ಪ್ರಮಾಣ ಲೀಟರಿಗೆ 0.7 ಮಿಲಿಗ್ರಾಂ. ಪ್ರಯೋಗಾಲಯದಲ್ಲಿ ನಾನು ಕೈಹಾಕಿದ್ದು ಮಾತ್ರ ವಿಷಕಾರಿಯಾದ ಆರ್ಸೆನಿಕ್‌ಗೆ. ಈ ರಾಜ್ಯವೂ ನಮ್ಮ ಕೋಲಾರದ ಹಾಗೆ ಗ್ರಾನೈಟ್ ನೆಲ, ಬಂಡೆ ಕೊರೆದು ತೆಗೆದ ಬಾವಿಗಳಲ್ಲಿ ಆರ್ಸೆನಿಕ್ ಕಾಣಿಸುತ್ತದೆ. ಇಲ್ಲಿಯ ಕೇಂದ್ರ ಸರ್ಕಾರದ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ ಇದ್ದರೆ, ಈ ರಾಜ್ಯ 2021ರಲ್ಲಿ ಅದನ್ನು 5ಕ್ಕೆ ಇಳಿಸಿತು. ಆದರೆ ಮನೆಯವರ ಸ್ವಂತ ಬಾವಿಗೆ ಕೇಂದ್ರದ ಕುಡಿಯುವ ನೀರಿನ ಕಾಯಿದೆ ಅನ್ವಯಿಸುವುದಿಲ್ಲ. ಪರೀಕ್ಷೆ ಮಾಡಿಸುವುದು, ಶುದ್ಧಿ ಮಾಡಿಸುವುದು ಮನೆಯವರದ್ದೇ ಹೊಣೆ.

ಇಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು 2011ರಲ್ಲಿ ಐ-ಕಾರ್ಪ್ಸ್ ಎಂಬ ತರಬೇತಿಯನ್ನು ಆರಂಭಿಸಿತು. ಹಲವು ವಿಶ್ವವಿದ್ಯಾಲಯಗಳ ಕೋರ್ಸುಗಳು ಅದೇ ಕ್ರಮವನ್ನು ಅನುಸರಿಸುತ್ತವೆ. ಸಂಶೋಧನೆಯನ್ನು ಬಲ್ಲ ಪ್ರಾಧ್ಯಾಪಕರು, ಉದ್ಯಮದ ಅನುಭವವಿರುವ ಮಾರ್ಗದರ್ಶಕರು, ಇವರಿಬ್ಬರ ಜೊತೆಗೆ ಮುಂದಾಳಾಗಿ ಹೆಚ್ಚಾಗಿ ನಿಮ್ಮಂಥ ವಿದ್ಯಾರ್ಥಿ ತಂಡದಲ್ಲಿರುತ್ತಾರೆ. ರಾಷ್ಟ್ರಮಟ್ಟದ ತರಬೇತಿಯಲ್ಲಿ ಸುಮಾರು ಏಳು ವಾರಗಳಲ್ಲಿ ಕನಿಷ್ಠ 100 ಜನರನ್ನು ಮಾತನಾಡಿಸಬೇಕು. ನಮ್ಮ ಫಿಲ್ಟರ್ ಎಷ್ಟು ಚೆನ್ನಾಗಿದೆಯೆಂದು ಅವರಿಗೆ ಬಣ್ಣಿಸುವ ಹಾಗಿಲ್ಲ. ಅವರು ಈಗ ನೀರಿಗೆ ಏನು ಮಾಡುತ್ತಿದ್ದಾರೆ, ಹಣ ಯಾರು ಕೊಡುತ್ತಾರೆ, ಕೆಟ್ಟರೆ ಯಾರನ್ನು ಕರೆಯುತ್ತಾರೆ ಎಂದು ಕೇಳಿ, ಸುಮ್ಮನೆ ಕುಳಿತು ಕೇಳಿಸಿಕೊಳ್ಳಬೇಕು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಮಾತನಾಡಿ ಬೆಳೆದು, ದೊಡ್ಡವರ ಮುಂದೆ ಕೇಳಿದ್ದಕ್ಕಷ್ಟೇ ಉತ್ತರ ಕೊಡುವುದನ್ನು ಕಲಿತ ನಮ್ಮಂಥವರಿಗೆ, ಗುರುತಿಲ್ಲದವರ ಬಾಗಿಲು ತಟ್ಟಿ ಇಂಗ್ಲಿಷಿನಲ್ಲಿ ಹೀಗೆ ಕೇಳುವುದು ಎಷ್ಟು ಕಷ್ಟವೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಅಂಥ ಕೋರ್ಸಿಗಾಗಿ ನಾನು ಹೋದ ಒಂದು ಮನೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಅಡುಗೆಮನೆಯ ಸಿಂಕಿನ ಕೆಳಗಿನ ಬಾಗಿಲು ತೆರೆದು ತೋರಿಸಿದರು. ಅಲ್ಲಿದ್ದ ಫಿಲ್ಟರಿನ ಮೈಮೇಲೆ, ಅದನ್ನು ಕೂರಿಸಿದವರು ಮಾರ್ಕರ್‌ನಿಂದ ಬರೆದಿದ್ದ ತಾರೀಖು ಅರ್ಧ ಅಳಿಸಿಹೋಗಿತ್ತು. ಆರ್ಸೆನಿಕ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಹೀಗಿರುವಾಗ ಈ ಫಿಲ್ಟರಿನ ಕೆಲಸ ಮುಗಿಯಿತೆಂದು ನನಗೆ ಹೇಗೆ ಗೊತ್ತಾಗಬೇಕು ಎಂದು ಅವರು ಕೇಳಿದರು. ಫಿಲ್ಟರಿನೊಳಗಿನ ವಸ್ತು ಗ್ರಾಂ ಒಂದಕ್ಕೆ ಎಷ್ಟು ಆರ್ಸೆನಿಕ್ ಹಿಡಿಯುತ್ತದೆಂಬ ಲೆಕ್ಕ ನನ್ನ ಬಾಯಿಪಾಠವಾಗಿತ್ತು, ಆದರೆ ಅವರ ಪ್ರಶ್ನೆಗೆ ನಮ್ಮ ಪ್ರಯೋಗಾಲಯದಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಆ ಪ್ರಶ್ನೆಯೇ ಮುಂದೆ ನನ್ನ ಉದ್ಯೋಗವಾಯಿತು. ಮನೆಬಾವಿಗಳ ಫಿಲ್ಟರ್ ಸವೆದದ್ದನ್ನು ಸಮಯಕ್ಕೆ ಗುರುತಿಸಿ, ಬದಲಾಯಿಸಿ, ನೀರನ್ನು ಮತ್ತೆ ಪರೀಕ್ಷಿಸಿ ಕೊಡುವ ಸಂಸ್ಥೆಯಲ್ಲಿ ಈಗಲೂ ದುಡಿಯುತ್ತಿದ್ದೇನೆ.

ನಮ್ಮ ಊರಿನ ಸಂಗತಿಯೂ ಇದಕ್ಕಿಂತ ಬೇರೆಯಲ್ಲ. ಫ್ಲೋರೈಡ್ ತೆಗೆಯುವ ರಸಾಯನ ವಿದ್ಯೆ ಹೊಸದೇನಲ್ಲ. ನಾಗಪುರದ ನೀರಿ (NEERI, ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ಸಂಸ್ಥೆಯವರು ಪಟಿಕ (ಆಲಂ) ಮತ್ತು ಸುಣ್ಣ ಬಳಸುವ ನಲಗೊಂಡ ವಿಧಾನವನ್ನು ರೂಪಿಸಿ ಅರ್ಧ ಶತಮಾನವೇ ಆಯಿತು. ಅಲ್ಯೂಮಿನಾ ಫಿಲ್ಟರೂ ಹಳೆಯದೇ. ಫ್ಲೋರೈಡ್ ತುಂಬಿದ ಮೇಲೆ ಅದನ್ನು ಕಾಸ್ಟಿಕ್ ಸೋಡಾದಿಂದ ತೊಳೆದು, ಆಮ್ಲದಿಂದ ಹದಕ್ಕೆ ತರಬೇಕು, ಇಲ್ಲವಾದರೆ ನೀರು ಬಂದ ಹಾಗೆಯೇ ಹೊರಗೆ ಹೋಗುತ್ತದೆ. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕವನ್ನೇ ನೋಡಿ. ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನ್ ತುಂಬುತ್ತದೆ, ಆದರೆ ಗಡಸು ನೀರಿಗೆ ಮೆಂಬ್ರೇನ್ (ನೀರು ಸೋಸುವ ಪೊರೆ) ಕಟ್ಟಿಕೊಂಡ ದಿನ ಕ್ಯಾನ್ ಹಿಡಿದು ನಿಂತವರು ಒಬ್ಬರು, ಘಟಕ ಕಟ್ಟಲು ಹಣ ಕೊಟ್ಟವರು ಇನ್ನೊಬ್ಬರು, ರಿಪೇರಿಯ ಗುತ್ತಿಗೆ ಹಿಡಿದವರು ಮತ್ತೊಬ್ಬರು. ಶುದ್ಧೀಕರಣದಲ್ಲಿ ಉಳಿದ, ಫ್ಲೋರೈಡ್ ಇನ್ನೂ ಹೆಚ್ಚಾಗಿರುವ ನೀರು ಚರಂಡಿಯಲ್ಲಿ ಹರಿದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಹೊಣೆ ಯಾರದ್ದೂ ಅಲ್ಲ. ಈ ನಾಲ್ಕೂ ಕೊಂಡಿಗಳನ್ನು ಒಂದೇ ಕಾಗದದ ಮೇಲೆ ಬರೆದು, ಹತ್ತನೆಯ ವರ್ಷವೂ ಘಟಕ ನಡೆಯಲು ಹಣ ಎಲ್ಲಿಂದ ಬರಬೇಕೆಂದು ಲೆಕ್ಕ ಹಾಕುವುದನ್ನು ಎಂಜಿನಿಯರಿಂಗ್ ತರಗತಿಯಲ್ಲಿ ನನಗೆ ಯಾರೂ ಹೇಳಿಕೊಡಲಿಲ್ಲ; ಉದ್ಯಮಶೀಲತೆಯ ತರಗತಿಯಲ್ಲಿ ಹೇಳಿಕೊಟ್ಟರು. ಸುಸ್ಥಿರತೆ ಎಂಬ ಮಾತಿಗೆ ನಾನು ಕೊಡುವ ಅರ್ಥವೂ ಇದೇ ಲೆಕ್ಕ. ಆದ್ದರಿಂದ ಇದು ವ್ಯಾಪಾರ ಮಾಡುವವರಿಗಷ್ಟೇ ಸೇರಿದ್ದೆಂದು ಮನೆಯವರು ಹೇಳಿದರೆ ಒಪ್ಪಬೇಡಿ.

ವೀಸಾದ ವಿಷಯದಲ್ಲಿ ಮಾತ್ರ ಎಚ್ಚರ. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ಕೋರ್ಸ್ ಓದಬಹುದು, ಯೋಜನೆ ಬರೆಯಬಹುದು, ಸ್ಪರ್ಧೆಗೂ ನಿಲ್ಲಬಹುದು. ಅನುಮತಿಯಿಲ್ಲದೆ ಸ್ವಂತ ಕಂಪನಿಗೆ ದುಡಿಯುವಂತಿಲ್ಲ. ಪದವಿಯ ನಂತರದ 12 ತಿಂಗಳ ಒಪಿಟಿಯಲ್ಲಿ (ಓದಿದ ವಿಷಯದಲ್ಲೇ ಕೆಲಸ ಮಾಡಲು ಸಿಗುವ ಅನುಮತಿ) ಸ್ವಂತ ಉದ್ಯಮಕ್ಕೆ ಅವಕಾಶವಿದೆ, ಆದರೆ ಅದರ ಮೇಲಿನ 24 ತಿಂಗಳ ವಿಸ್ತರಣೆಗೆ ನಿಮ್ಮ ತರಬೇತಿ ಯೋಜನೆಗೆ ಸಹಿ ಹಾಕುವ ಬೇರೊಬ್ಬ ಉದ್ಯೋಗದಾತರು ಬೇಕು, ನಿಮಗೆ ನೀವೇ ಸಹಿ ಹಾಕಿಕೊಳ್ಳಲಾಗದು. ಆಮೇಲಿನ ಉದ್ಯೋಗದ ವೀಸಾ ಎಚ್-1ಬಿ ಸಿಗುವುದು ಅದೃಷ್ಟದ ಮಾತು. ನಿಯಮಗಳು ಬದಲಾಗುತ್ತಿರುತ್ತವೆ, ಹೆಜ್ಜೆಯಿಡುವ ಮೊದಲು ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಲಿಖಿತವಾಗಿ ಕೇಳಿ.

ನನ್ನ ಮನಸ್ಸಿನಲ್ಲಿ ಉಳಿದ ಕೊರಗು ಈ ನಿಯಮಗಳಿಗೂ ಸಾಲಕ್ಕೂ ಸೇರಿದ್ದು. ಅಪ್ಪನ ಹಿಪ್ಪುನೇರಳೆ ತೋಟ ಬ್ಯಾಂಕಿನಲ್ಲಿ ಅಡವಿರುವಾಗ, ಆ ಹನ್ನೆರಡು ತಿಂಗಳನ್ನು ಸ್ವಂತ ಉದ್ಯಮಕ್ಕೆ ಇಡುವ ಧೈರ್ಯ ನಮ್ಮಂಥ ಮನೆಯ ಮಕ್ಕಳಿಗೆ ಬರುವುದಿಲ್ಲ, ಬರಬೇಕೆಂದು ಹೇಳುವುದೂ ನ್ಯಾಯವಲ್ಲ. ಸಂಬಳದ ಕೆಲಸ ಹಿಡಿದೆ, ಸಾಲ ತೀರಿತು, ತೋಟ ಉಳಿಯಿತು. ಇಲ್ಲಿಯ ಎಷ್ಟೋ ಮನೆಗಳ ನೀರು ಚೊಕ್ಕಟವಾಗಿದೆ ಎಂಬ ಸಮಾಧಾನವೂ ಇದೆ. ಆದರೆ ನಾನು ಮಾತನಾಡಿಸಿದವರೆಲ್ಲರೂ ಈ ದೇಶದವರು. ಮುಳಬಾಗಿಲಿನಲ್ಲಿ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತ ನನ್ನ ಚಿಕ್ಕಮ್ಮನನ್ನು ಅದೇ ಪ್ರಶ್ನೆಗಳನ್ನು ಕೇಳಿ, ಉತ್ತರದ ಮೇಲೆ ಒಂದು ಕೆಲಸ ಕಟ್ಟಬೇಕೆಂಬ ಆಸೆ ಆಸೆಯಾಗಿಯೇ ಇದೆ. ರಜೆಗೆ ಬಂದವನು ಕೇಳಿದರೆ ಊರಿನವರು ನೆಂಟನಿಗೆ ಹೇಳುವ ಹಾಗೆ ಎಲ್ಲ ಚೆನ್ನಾಗಿದೆ ಎಂದೇ ಹೇಳುತ್ತಾರೆ.

ನಿಮಗಾದರೋ ಹೊರಡಲು ಇನ್ನೂ ಸಮಯವಿದೆ. ಬಟ್ಟೆಬರೆ ಹೊಂದಿಸುವುದನ್ನು ಅಮ್ಮನಿಗೆ ಬಿಟ್ಟು, ಬಾಗೇಪಲ್ಲಿ, ಗುಡಿಬಂಡೆ ಕಡೆಯ ಊರುಗಳಲ್ಲಿ ಘಟಕ ನೋಡಿಕೊಳ್ಳುವವರನ್ನು, ನೀರುಗಂಟಿಗಳನ್ನು, ಪಂಚಾಯಿತಿಯ ಪಿಡಿಒಗಳನ್ನು, ಮೋಟಾರು ಮೆಕ್ಯಾನಿಕ್‌ಗಳನ್ನು, ನೀರು ಹೊತ್ತು ತರುವ ಹೆಂಗಸರನ್ನು ಮಾತನಾಡಿಸಿ. ಅವರು ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲೇ ಬರೆದುಕೊಳ್ಳಿ, ಫೋನ್ ನಂಬರ್ ಕೇಳಿ ಇಟ್ಟುಕೊಳ್ಳಿ; ಇಲ್ಲಿಗೆ ಬಂದ ಮೇಲೆ ವಿಡಿಯೋ ಕರೆಯಲ್ಲಿ ಮಾತು ಮುಂದುವರಿಸಬಹುದು. ಮೊದಲ ಸೆಮಿಸ್ಟರ್‌ನಲ್ಲಿ ಪಾಠಗಳಿಗೇ ಹೊತ್ತು ಸಾಲದು, ಸರ್ಟಿಫಿಕೇಟ್ ಕೋರ್ಸನ್ನು ಎರಡನೆಯದಕ್ಕೆ ಇಟ್ಟುಕೊಂಡರೆ ಸಾಕು. ಮೆಂಬ್ರೇನ್ ಬದಲಾಯಿಸಲು ಹಣ ಯಾವ ಖಾತೆಯಿಂದ ಬರುತ್ತದೆಂದು ಪಿಡಿಒ ಒಬ್ಬರಾದರೂ ಸ್ಪಷ್ಟವಾಗಿ ಹೇಳಿದರೆ, ಅದನ್ನು ನನಗೂ ಬರೆದು ತಿಳಿಸಿ.